ಟೂರ್ ಡಿ ಫ್ರಾನ್ಸ್ ರೇಸ್ ಸೆಂಟರ್: ಹುಬ್ಬಳ್ಳಿಯಲ್ಲಿ ಕೂತು ಮೂರು ವಾರ ರೇಸ್ ಹಿಂಬಾಲಿಸಲು ಎಷ್ಟು ಸಾಲುತ್ತದೆ

ತೀರ್ಪನ್ನು ಮೊದಲೇ ಹೇಳಿಬಿಡೋಣ. ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಅಧಿಕೃತ ಆ್ಯಪ್, ಮತ್ತು ಅದೇ ಮಾಹಿತಿಯನ್ನು ಬ್ರೌಸರಿನಲ್ಲಿ ತೋರಿಸುವ ರೇಸ್ ಸೆಂಟರ್ ಪುಟ, ಇವೆರಡಕ್ಕೂ ದುಡ್ಡು ಕೊಡಬೇಕಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಕೂತು ಅವತ್ತಿನ ದಾರಿ ಓದಿಕೊಂಡವರಿಗೆ ಇದು ಐದಕ್ಕೆ ನಾಲ್ಕು ಅಂಕದ ಸಾಧನ. ಏನೂ ಓದದೆ ಸಂಜೆ ಏಳಕ್ಕೆ ತೆರೆದು ನೋಡುವವರಿಗೆ ಎರಡೇ ಅಂಕ. ಯಾರು ಎಲ್ಲಿದ್ದಾರೆ, ಎಷ್ಟು ಹಿಂದಿದ್ದಾರೆ ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ. ಯಾಕೆ ಎಂಬುದನ್ನು ಹೇಳುವುದಿಲ್ಲ. ಆ ‘ಯಾಕೆ’ ನಾವೇ ಹೊಂದಿಸಿಕೊಂಡರೆ ಚಿತ್ರವೇ ಇಲ್ಲದೆ, ಬರೀ ಅಂಕಿಗಳ ಮೇಲೆ, ಎದೆ ಡವಡವ ಅನ್ನುವಂತೆ ರೇಸ್ ನೋಡಬಹುದು.

ಇಲ್ಲಿನ ಉದಾಹರಣೆಗಳೆಲ್ಲ 2025ರ ಟೂರ್‌ನವು. ಜುಲೈ 5ರಂದು ಲೀಲ್ ನಗರದಲ್ಲಿ ಶುರುವಾಗಿ 27ರಂದು ಪ್ಯಾರಿಸ್‌ನಲ್ಲಿ ಮುಗಿದ ರೇಸ್ ಅದು. 21 ಸ್ಟೇಜ್ (ದಿನಕ್ಕೊಂದು ಹಂತ), ನಡುವೆ 2 ದಿನ ವಿಶ್ರಾಂತಿ, 23 ತಂಡ, ತಂಡಕ್ಕೆ 8 ಜನರಂತೆ 184 ಸವಾರರು.

ಸ್ಟೇಜ್ ರೇಸ್ ಹೊಸದಾಗಿ ನೋಡುವವರಿಗೆ ಒಂದು ಮಾತು. ಆಷಾಢದಲ್ಲಿ ನಮ್ಮ ಕಡೆಯಿಂದ ಪಂಢರಪುರಕ್ಕೆ ಹೊರಡುವ ದಿಂಡಿಗಳನ್ನು ನೋಡಿದ್ದರೆ ಇದರ ಕ್ರಮ ಬೇಗ ತಲೆಗೆ ಹತ್ತುತ್ತದೆ: ದಿನಕ್ಕೊಂದು ಮುಕ್ಕಾಮು, ಮರುದಿನ ಅಲ್ಲಿಂದ ಅಥವಾ ಹತ್ತಿರದ ಊರಿನಿಂದ ಮತ್ತೆ ಹೊರಡುವುದು. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ಮುಕ್ಕಾಮಿಗೂ ಒಬ್ಬ ವಿಜೇತ ಇರುತ್ತಾನೆ, ಜೊತೆಗೆ ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನಿಗೆ ಹಳದಿ ಜೆರ್ಸಿ. ಹಸಿರು ಜೆರ್ಸಿ ಸ್ಪ್ರಿಂಟ್ (ಗೆರೆಯತ್ತ ಪೂರ್ತಿ ವೇಗದಲ್ಲಿ ನುಗ್ಗುವುದು) ಅಂಕಗಳದು, ಬಿಳಿ ಮೇಲೆ ಕೆಂಪು ಚುಕ್ಕೆಯದು ಏರಿಯ, ಅಂದರೆ ಬೆಟ್ಟದ ಏರುದಾರಿಯ, ಅಂಕಗಳದು, ಬರೀ ಬಿಳಿಯದು ಎಳೆಯ ಸವಾರರದು. ಒಂದೇ ರಸ್ತೆಯ ಮೇಲೆ ನಾಲ್ಕು ಸ್ಪರ್ಧೆ ಒಟ್ಟಿಗೆ ನಡೆಯುತ್ತಿರುತ್ತವೆ. ಆ್ಯಪ್‌ನಲ್ಲಿ ಮೊದಲ ದಿನ ತಲೆ ಗಿರ್ರೆನ್ನುವುದು ಇದೇ ಕಾರಣಕ್ಕೆ.

ಸಮಯದ ವಿಷಯದಲ್ಲಿ ನಮ್ಮ ಊರಿನವರು ಅದೃಷ್ಟವಂತರು. ಜುಲೈನಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ತಾಸು ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಒಂದರ ಆಸುಪಾಸಿಗೆ ಹೊರಟ ಸ್ಟೇಜ್ ಇಲ್ಲಿ ಸಂಜೆ ನಾಲ್ಕೂವರೆಗೆ ಹೊರಟಂತೆ. ಅಲ್ಲಿ ಐದೂವರೆಗೆ ಮುಗಿದರೆ ಇಲ್ಲಿ ರಾತ್ರಿ ಒಂಬತ್ತು. ಅಂದರೆ ಕೆಲಸ ಬಿಟ್ಟು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೊತ್ತಿಗೆ ಉಳಿದವರನ್ನು ಬಿಟ್ಟು ಮುಂದೆ ಓಡಿದವರ ಗುಂಪು ನಿಕ್ಕಿಯಾಗಿರುತ್ತದೆ, ರೊಟ್ಟಿ ತಟ್ಟೆಗೆ ಬೀಳುವ ಹೊತ್ತಿಗೆ ಕೊನೆಯ ಏರಿ ಶುರುವಾಗಿರುತ್ತದೆ. ಅಧಿಕೃತ ಪುಟದಲ್ಲಿ ಪ್ರತಿ ಸ್ಟೇಜಿಗೂ ಒಂದು ವೇಳಾಪಟ್ಟಿ ಇರುತ್ತದೆ. ಪ್ರತಿ ಊರು, ಪ್ರತಿ ಏರಿಯ ತುದಿಯನ್ನು ಎಷ್ಟು ಗಂಟೆಗೆ ದಾಟಬಹುದು ಎಂಬುದನ್ನು ಮೂರು ಸರಾಸರಿ ವೇಗಗಳಿಗೆ ಬೇರೆಬೇರೆ ಕಾಲಂನಲ್ಲಿ ಕೊಟ್ಟಿರುತ್ತಾರೆ. ಅದು ಅಲ್ಲಿನ ಸಮಯ. ನಡುವಿನ ಕಾಲಂ ಹಿಡಿದು ಮೂರೂವರೆ ತಾಸು ಕೂಡಿಸಿ. ಗುಂಪು ಅವಸರದಲ್ಲಿದೆಯೋ ಆರಾಮಾಗಿದೆಯೋ ಎಂಬುದು ಈ ಪಟ್ಟಿಗಿಂತ ಹಿಂದಿದ್ದಾರೋ ಮುಂದಿದ್ದಾರೋ ನೋಡಿದರೇ ಗೊತ್ತಾಗುತ್ತದೆ.

ಒಂದು ಗೊಂದಲ ಮಾತ್ರ ಎಲ್ಲರಿಗೂ ಆಗುತ್ತದೆ. ಊರಿನ ಚೌಕದಿಂದ ಹೊರಡುವುದು ಒಂದು, ರೇಸ್ ನಿಜವಾಗಿ ಶುರುವಾಗುವುದು ಇನ್ನೊಂದು. ಮೊದಲ ಕೆಲವು ಕಿಲೋಮೀಟರ್ ನಿರ್ದೇಶಕರ ಕಾರಿನ ಹಿಂದೆ ಮೆರವಣಿಗೆಯಂತೆ ಹೋಗುತ್ತಾರೆ. ಕಾರಿನಿಂದ ಬಾವುಟ ಬೀಸಿದ ಜಾಗವೇ ಸೊನ್ನೆ ಕಿಲೋಮೀಟರ್. ಗಡಿಯಾರವೂ ಅಂತರದ ಲೆಕ್ಕವೂ ಅಲ್ಲಿಂದ. ಆ್ಯಪ್ ತೆರೆದಾಗ ‘ಹೊರಟಿದ್ದಾರೆ’ ಎಂದಿದ್ದೂ ಅಂಕಿಗಳು ಅಲುಗಾಡದಿದ್ದರೆ ಗಾಬರಿ ಬೇಡ, ನೆಟ್‌ವರ್ಕ್ ತಪ್ಪೂ ಅಲ್ಲ.

ಪರದೆಯ ಮೇಲೆ ಏನಿದೆ

ಮುಖ್ಯ ಪರದೆಯಲ್ಲಿ ಸ್ಟೇಜಿನ ಏರಿಳಿತದ ಚಿತ್ರ, ಅದರ ಮೇಲೆ ಗುಂಪುಗಳು ಚುಕ್ಕೆಯಂತೆ ಸರಿಯುತ್ತಿರುತ್ತವೆ. ಉಳಿದ ದೂರ, ಗುಂಪುಗಳ ನಡುವಿನ ಅಂತರ, ಪ್ರತಿ ಗುಂಪಿನಲ್ಲಿರುವವರ ಹೆಸರು, ಪಕ್ಕದಲ್ಲಿ ಬರಹದ ವರದಿ, ಇನ್ನೊಂದು ಕಡೆ ಪಟ್ಟಿಗಳು. ಕನ್ನಡ ಇಲ್ಲ, ಇಂಗ್ಲಿಷ್ ಆರಿಸಿಕೊಂಡರೂ ಫ್ರೆಂಚ್ ಶಬ್ದಗಳು ನುಸುಳುತ್ತವೆ. ಬೇಕಾಗುವಂಥವು ಕೆಲವೇ. ‘ಪೆಲೊಟಾನ್’ ಎಂದರೆ ದೊಡ್ಡ ದಂಡು. ‘ಪೂರ್‌ಸ್ವಿವಾಂ’ ಎಂದರೆ ಮುಂದಿನವರ ಬೆನ್ನು ಹತ್ತಿದವರು. ‘ಅಬಾಂಡೊಂ’ ಎಂದರೆ ರೇಸ್ ಬಿಟ್ಟವರು. ‘ಫ್ಲಾಮ್ ರೂಜ್’ ಎಂದರೆ ಇನ್ನು ಒಂದೇ ಕಿ.ಮೀ. ಉಳಿದಿದೆ ಎಂದು ತೋರಿಸುವ ಕೆಂಪು ಬಾವುಟ.

ಸವಾರರ ನಂಬರು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಮೊದಲ ತಂಡಕ್ಕೆ 1ರಿಂದ 8, ಎರಡನೆಯದಕ್ಕೆ 11ರಿಂದ 18, ಮೂರನೆಯದಕ್ಕೆ 21ರಿಂದ 28, ಹೀಗೆ. 9, 10, 19, 20 ಯಾರಿಗೂ ಇರುವುದಿಲ್ಲ. ಕೊನೆಯ ಅಂಕಿ 1 ಇದ್ದರೆ ಅವನು ಸಾಮಾನ್ಯವಾಗಿ ಆ ತಂಡದ ನಾಯಕ. ಹಿಂದಿನ ವರ್ಷ ಗೆದ್ದವನು ಬಂದಿದ್ದರೆ 1ನೇ ನಂಬರು ಅವನದು; 2025ರಲ್ಲಿ ಅದು ತಡೇಯ್ ಪೊಗಾಚಾರ್‌ದಾಗಿತ್ತು. ಮುಂದೆ ಓಡಿದ ಎಂಟು ಜನರ ನಂಬರುಗಳಲ್ಲಿ ಒಂದೂ 1ರಿಂದ ಮುಗಿಯದಿದ್ದರೆ ದಂಡು ಅವರನ್ನು ಮುಂದೆ ಹೋಗಲು ಬಿಡುವ ಸಾಧ್ಯತೆ ಹೆಚ್ಚು. ಒಬ್ಬ ನಾಯಕ ಸೇರಿಕೊಂಡರೂ ಉಳಿದ ಏಳು ಜನರ ದಿನ ಕೆಟ್ಟಿತು. ಅವನಿಗೋಸ್ಕರ ದಂಡು ಎಲ್ಲರನ್ನೂ ಹಿಡಿದು ತರುತ್ತದೆ.

ಬೆಳಗಿನ ಹತ್ತು ನಿಮಿಷ

ಮೇಲೆ ಹೇಳಿದ ತಯಾರಿ ಎಂದರೆ ಇಷ್ಟು. ಒಂದು ಲಾಂಗ್ ಬುಕ್ಕಿನ ಪುಟಕ್ಕೆ ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆಯಿರಿ. ಮೊದಲ ಅಂಕಣದಲ್ಲಿ ಗುರಿಯಿಂದ ಹಿಂದಕ್ಕೆ ಎಣಿಸಿದ ಕಿಲೋಮೀಟರ್. ಆರಂಭದಿಂದ ಎಣಿಸಬೇಡಿ, ಪರದೆಯ ಮೇಲೆ ಕಣ್ಣು ಹೋಗುವುದು ಉಳಿದ ದೂರಕ್ಕೇ. ಎರಡನೆಯದರಲ್ಲಿ ಅಲ್ಲಿ ಏನಿದೆ: ಏರಿಯೋ, ನಡುವಿನ ಸ್ಪ್ರಿಂಟೋ, ಬಯಲೋ, ರಸ್ತೆಯ ದಿಕ್ಕು ಬದಲಾಗುವ ತಿರುವೋ. ಮೂರನೆಯದರಲ್ಲಿ ನಮ್ಮ ಗಡಿಯಾರದ ಅಂದಾಜು ಸಮಯ. ನಾಲ್ಕನೆಯದು ಖಾಲಿ, ಸಂಜೆ ಅಲ್ಲಿ ಅಂತರ ಬರೆಯಬೇಕು. ಪುಟದ ತಲೆಗೆ ಒಟ್ಟು ಸಮಯದ ಪಟ್ಟಿಯ ಮೊದಲ ಹದಿನೈದು ಹೆಸರು, ಪ್ರತಿಯೊಬ್ಬನೂ ಹಳದಿ ಜೆರ್ಸಿಗಿಂತ ಎಷ್ಟು ಹಿಂದಿದ್ದಾನೆ ಎಂಬುದರ ಸಮೇತ.

ಈ ಪಟ್ಟಿ ತುಂಬಲು ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ತಾಣ ಒಳ್ಳೆಯ ಜೊತೆಗಾರ. ಸವಾರರ ಪಟ್ಟಿ, ಹಿಂದಿನ ಫಲಿತಾಂಶ, ಒಬ್ಬೊಬ್ಬನೂ ಏರಿಯಲ್ಲಿ ಗಟ್ಟಿಯೋ ಸ್ಪ್ರಿಂಟಿನಲ್ಲಿ ಗಟ್ಟಿಯೋ ಎಂಬುದು ಅಲ್ಲಿ ಒಂದೆರಡು ಕ್ಲಿಕ್ಕಿನಲ್ಲಿ ಸಿಗುತ್ತದೆ. ಸಂಜೆ ರೇಸ್ ನಡೆಯುವಾಗ ಎರಡನ್ನೂ ತೆರೆದಿಟ್ಟುಕೊಂಡು ಕೂರುವ ಅಗತ್ಯವಿಲ್ಲ. ಒಂದು ಬೆಳಿಗ್ಗೆಗೆ, ಒಂದು ಸಂಜೆಗೆ.

ಏರಿಗಳ ದರ್ಜೆ ನೋಡಿ ಮೋಸ ಹೋಗಬಾರದು. ನಾಲ್ಕನೇ ದರ್ಜೆ ಹಗುರ, ಒಂದನೇ ದರ್ಜೆ ಕಠಿಣ, ಅದಕ್ಕೂ ಮೇಲಿನದಕ್ಕೆ ‘ದರ್ಜೆಗೆ ಮೀರಿದ್ದು’ ಎಂದು ಹೆಸರು. ಆದರೆ ದರ್ಜೆಗಿಂತ ಮುಖ್ಯವಾದದ್ದು ಉದ್ದ, ಸರಾಸರಿ ಇಳಿಜಾರು, ಗುರಿಯಿಂದ ಎಷ್ಟು ದೂರ ಎಂಬ ಮೂರು ಅಂಕಿ. ಪಿರೆನೀಸ್‌ನ ಟೂರ್ಮಾಲೆ ಕಣಿವೆದಾರಿಯನ್ನು ಪಶ್ಚಿಮದಿಂದ ಹತ್ತಿದರೆ 19 ಕಿ.ಮೀ., ಸರಾಸರಿ ಶೇ. 7.4. ಅಂದರೆ ಪ್ರತಿ ಕಿಲೋಮೀಟರಿಗೆ 74 ಮೀಟರ್ ಮೇಲಕ್ಕೆ, ಒಟ್ಟು 1,400 ಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ನಾವು ಅಷ್ಟು ದೂರದಲ್ಲಿ ಹತ್ತುವುದು ನೂರು ಮೀಟರಿನ ಆಸುಪಾಸು. ನೃಪತುಂಗ ಬೆಟ್ಟದ ರಸ್ತೆಗೆ ಸೈಕಲ್ ಹತ್ತಿಸಿದವರು ಕಣ್ಣು ಮುಚ್ಚಿ ಆ ಏರಿಯನ್ನೇ ಧಾರವಾಡದವರೆಗೆ ಎಳೆದುಕೊಳ್ಳಲಿ, ಪರದೆಯ ಮೇಲಿನ ಆ ಗೆರೆ ಏನು ಹೇಳುತ್ತಿದೆ ಎಂದು ಕಾಲಿಗೇ ಗೊತ್ತಾಗುತ್ತದೆ.

ಅಂತರದ ಲೆಕ್ಕ

ಇಡೀ ಆ್ಯಪ್‌ನ ಜೀವ ಇರುವುದು ಇಲ್ಲಿ. ಅಂತರವನ್ನು ಸಮಯದಲ್ಲಿ ಕೊಡುತ್ತಾರೆ, ದೂರದಲ್ಲಿ ಅಲ್ಲ. ಹೊಸಬರು ಎಡವುವುದು ಇದರಲ್ಲೇ. ಬಯಲಿನಲ್ಲಿ ತಾಸಿಗೆ 45 ಕಿ.ಮೀ. ವೇಗದಲ್ಲಿ ಹೋಗುವಾಗ ಒಂದು ನಿಮಿಷ ಎಂದರೆ 750 ಮೀಟರ್. ಏರಿಯಲ್ಲಿ ವೇಗ 20ಕ್ಕೆ ಇಳಿದರೆ ಅದೇ ಒಂದು ನಿಮಿಷ ಬರೀ 333 ಮೀಟರ್. ಆದ್ದರಿಂದ ಏರಿಯ ಬುಡಕ್ಕೆ ಬಂದಾಗ ‘ಹಿಂದಿನವರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದರು’ ಎಂಬ ವರದಿ ಓದಿ ಅಂತರ ಕರಗಿತು ಎಂದುಕೊಳ್ಳಬೇಡಿ. ದೂರ ಕುಗ್ಗಿರುತ್ತದೆ, ಸಮಯ ಹಾಗೇ ಇರುತ್ತದೆ.

ಮುಂದೆ ಓಡಿದವರು ಉಳಿಯುತ್ತಾರೋ ಸಿಕ್ಕಿಬೀಳುತ್ತಾರೋ ಎಂದು ಅಳೆಯಲು ಫ್ರಾನ್ಸ್‌ನ ವೀಕ್ಷಕ ವಿವರಣೆಗಾರ ರೊಬೇರ್ ಶಪಾತ್ ಅವರ ಹೆಸರಿನಲ್ಲಿ ಒಂದು ಹಳೆಯ ಸೂತ್ರ ಇದೆ: ಗುರಿಗೆ ಉಳಿದ ಪ್ರತಿ 10 ಕಿಲೋಮೀಟರಿಗೆ ಒಂದು ನಿಮಿಷ ಕೈಯಲ್ಲಿರಬೇಕು. 30 ಕಿ.ಮೀ. ಇದ್ದಾಗ 2 ನಿಮಿಷ 10 ಸೆಕೆಂಡ್ ಎಂದರೆ ಲೆಕ್ಕಕ್ಕೆ 50 ಸೆಕೆಂಡ್ ಕಡಿಮೆ. ಬಯಲಿನ ಸ್ಟೇಜ್ ಆದರೆ ದಂಡು ಹಿಡಿದೇ ಹಿಡಿಯುತ್ತದೆ, ಅದೂ ಬೇಕೆಂದೇ ತಡವಾಗಿ. ಬೇಗ ಹಿಡಿದರೆ ಬೇರೆ ಕೆಲವರು ಮತ್ತೆ ಮುಂದೆ ಓಡುತ್ತಾರೆ, ಅವರ ಬೆನ್ನು ಹತ್ತುವ ಕೆಲಸ ಮತ್ತೆ ಮೈಮೇಲೆ ಬೀಳುತ್ತದೆ. ಹಾಗಾಗಿ 20 ಕಿ.ಮೀ. ಉಳಿದಾಗ ಅಂತರ 40 ಸೆಕೆಂಡಿನ ಆಸುಪಾಸಿನಲ್ಲೇ ನಿಂತಿದ್ದರೆ ದಂಡು ಸೋತಿದೆ ಎಂದಲ್ಲ, ಹಗ್ಗ ಹಿಡಿದುಕೊಂಡೇ ಇದೆ ಎಂದರ್ಥ. ಈ ಸೂತ್ರ ಬಯಲಿಗೆ ಮಾತ್ರ. ಗುರಿಯೇ ಬೆಟ್ಟದ ತುದಿಯಲ್ಲಿದ್ದರೆ ಇದನ್ನು ಮರೆತುಬಿಡಿ.

ನಾಲ್ಕನೇ ಅಂಕಣ ಯಾಕೆ ಬೇಕು ಎಂಬುದಕ್ಕೆ 2025ರ 10ನೇ ಸ್ಟೇಜ್ ನೋಡಿ. ಜುಲೈ 14, ಫ್ರಾನ್ಸ್‌ನ ರಾಷ್ಟ್ರೀಯ ದಿನ, ಎನ್ನೆಝಾದಿಂದ ಲೆ ಮೊಂ-ಡೋರ್‌ಗೆ, ದಿನವಿಡೀ ಏರಿಳಿತ. ಹಳದಿ ಜೆರ್ಸಿ ಪೊಗಾಚಾರ್ ಮೈಮೇಲೆ. ಮುಂದೆ ಓಡಿದವರಲ್ಲಿ ಐರ್ಲೆಂಡಿನ ಬೆನ್ ಹೀಲಿ ಇದ್ದ. ಒಟ್ಟು ಸಮಯದಲ್ಲಿ ಅವನು 3 ನಿಮಿಷ 55 ಸೆಕೆಂಡ್ ಹಿಂದೆ. ಪುಟದ ತಲೆಯಲ್ಲಿ ಆ ಅಂಕಿ ಬರೆದಿಟ್ಟುಕೊಂಡವರಿಗೆ ಸಂಜೆಯ ಆಟ ಒಂದೇ ಪ್ರಶ್ನೆಗೆ ಇಳಿಯಿತು: ರಸ್ತೆಯ ಮೇಲಿನ ಅಂತರ 3 ನಿಮಿಷ 55 ಸೆಕೆಂಡ್ ದಾಟುತ್ತದೋ ಇಲ್ಲವೋ. ದಾಟಿತು. ಸ್ಟೇಜ್ ಗೆದ್ದವನು ಸೈಮನ್ ಯೇಟ್ಸ್. ಹೀಲಿ ಮೂರನೆಯವನಾಗಿ ಬಂದ, ಪೊಗಾಚಾರ್‌ಗಿಂತ 4 ನಿಮಿಷ 20 ಸೆಕೆಂಡ್ ಮೊದಲು. ಗುರಿಯಲ್ಲಿ ಮೊದಲ ಮೂವರಿಗೆ 10, 6, 4 ಸೆಕೆಂಡ್ ಬೋನಸ್ ಉಂಟು, ಹೀಲಿಗೆ 4. ಕೂಡಿಸಿದರೆ 4 ನಿಮಿಷ 24 ಸೆಕೆಂಡ್, ಅದರಲ್ಲಿ 3 ನಿಮಿಷ 55 ಸೆಕೆಂಡ್ ಕಳೆದರೆ 29. ಅಷ್ಟೇ 29 ಸೆಕೆಂಡ್ ಮುನ್ನಡೆಯೊಂದಿಗೆ ಹಳದಿ ಜೆರ್ಸಿ ಹೀಲಿಗೆ ಹೋಯಿತು. ಪರದೆ ನೋಡುತ್ತಿದ್ದವರಿಗೆ ಯೇಟ್ಸ್ ಗೆದ್ದದ್ದು ಕಂಡಿತು. ಪೆನ್ಸಿಲ್ ಹಿಡಿದು ಕೂತವರು ಹೀಲಿ ಗೆರೆ ದಾಟಿದ ಮೇಲೆ ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಪೊಗಾಚಾರ್ ಬರುವುದನ್ನು ಕಾದರು. ಎರಡೂ ಬೇರೆಬೇರೆ ಸಂಜೆ.

ಹುಷಾರಾಗಿರಬೇಕಾದ ಒಂದು ನಿಯಮವೂ ಇದೆ. ಒಂದು ಗುಂಪಿನಲ್ಲಿ ಒಟ್ಟಿಗೆ ಬಂದವರಿಗೆಲ್ಲ ಒಂದೇ ಸಮಯ ಕೊಡುತ್ತಾರೆ. ದಂಡೇ ಒಟ್ಟಿಗೆ ನುಗ್ಗುವ ಸ್ಪ್ರಿಂಟ್ ಸ್ಟೇಜಿನಲ್ಲಿ ಗುಂಪು ಒಡೆಯಿತು ಎನ್ನಲು 3 ಸೆಕೆಂಡ್ ಕಂದರ ಬೇಕು, ಉಳಿದ ಕಡೆ 1 ಸೆಕೆಂಡ್ ಸಾಕು. ಸಪಾಟು ಸ್ಟೇಜುಗಳಲ್ಲಿ ಕೊನೆಯ 3 ಕಿಲೋಮೀಟರಿನೊಳಗೆ ಬಿದ್ದರೆ, ಪಂಕ್ಚರ್ ಆದರೆ, ಆ ಸವಾರನಿಗೆ ತಾನಿದ್ದ ಗುಂಪಿನ ಸಮಯವೇ ಸಿಗುತ್ತದೆ. ಕೆಲವು ಸ್ಟೇಜುಗಳಲ್ಲಿ ಈ ಗಡಿಯನ್ನು 5 ಕಿ.ಮೀ.ಗೆ ಹಿಗ್ಗಿಸಲು ಈಗ ಅವಕಾಶವಿದೆ. ಬೆಳಿಗ್ಗೆ ಪಟ್ಟಿ ಬರೆಯುವಾಗಲೇ ನೋಡಿಕೊಳ್ಳಿ. ಬೆಟ್ಟದ ತುದಿಯ ಗುರಿಗೆ ಈ ರಿಯಾಯಿತಿ ಇಲ್ಲ. ಗೆರೆ ದಾಟಿದ ಕ್ಷಣ ಪರದೆಯ ಮೇಲೆ ಕಂಡ ಅಂತರವೇ ಅಂತಿಮ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಡಬೇಡಿ. ತೀರ್ಪುಗಾರರ ಪಟ್ಟಿ ಬರಲಿ.

ಅಡ್ಡಗಾಳಿ

ಈ ಸಾಧನ ಅತ್ಯುತ್ತಮವಾಗಿ ಕೆಲಸ ಮಾಡುವುದು ಗಾಳಿಯ ದಿನ. ಗದಗದ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ನಿಂತಿರುವ ಕಡೆ ಸೈಕಲ್ ತುಳಿದವರಿಗೆ, ಮುಂಗಾರಿನಲ್ಲಿ ಗದಗದಿಂದ ಹುಬ್ಬಳ್ಳಿಗೆ ಪಡುಗಾಳಿಗೆ ಮುಖ ಕೊಟ್ಟು ಬಂದವರಿಗೆ ಗಾಳಿಯ ಬಲ ಹೇಳಿಕೊಡಬೇಕಿಲ್ಲ. ಎದುರುಗಾಳಿಯಲ್ಲಿ ಮುಂದಿನವನ ಬೆನ್ನ ಹಿಂದೆ ಅಡಗಬಹುದು. ಅಡ್ಡಗಾಳಿಯಲ್ಲಿ ಅಡಗುವ ಜಾಗ ಬೆನ್ನ ಹಿಂದಲ್ಲ, ಗಾಳಿ ಬೀಸುವುದಕ್ಕೆ ವಿರುದ್ಧದ ಪಕ್ಕದಲ್ಲಿ, ಓರೆಯಾಗಿ. ರಸ್ತೆಯ ಅಗಲ ಎಷ್ಟೋ ಅಷ್ಟೇ ಜನಕ್ಕೆ ಅಲ್ಲಿ ಜಾಗ. ಉಳಿದವರು ಅಂಚಿನಲ್ಲಿ ಸಾಲಾಗಿ ಗಾಳಿ ತಿನ್ನುತ್ತಾರೆ. ಸಾಲಿನಲ್ಲಿ ಒಬ್ಬ ಕೈಬಿಟ್ಟರೆ ಅವನ ಹಿಂದಿನವರೆಲ್ಲ ಹೋದರು.

2025ರ ಮೊದಲ ಸ್ಟೇಜೇ ಇದಕ್ಕೆ ಪಾಠ. ಲೀಲ್ ಸುತ್ತಿನ ಸಪಾಟು ದಾರಿ, ಕೊನೆಗೆ ಸ್ಪ್ರಿಂಟ್ ಎಂದು ಎಲ್ಲರ ಲೆಕ್ಕ. ಕೊನೆಯ 20 ಕಿಲೋಮೀಟರಿನೊಳಗೆ ಅಡ್ಡಗಾಳಿಗೆ ದಂಡು ಒಡೆಯಿತು. ಯಾಸ್ಪರ್ ಫಿಲಿಪ್ಸನ್ ಗೆದ್ದ. ಪೊಗಾಚಾರ್, ಅವನ ಮುಖ್ಯ ಎದುರಾಳಿ ಯೋನಾಸ್ ವಿಂಗೆಗೋರ್ ಮುಂದಿನ ತುಂಡಿನಲ್ಲಿ ಉಳಿದರು. ಹಳದಿ ಜೆರ್ಸಿಗೆ ಕಣ್ಣಿಟ್ಟಿದ್ದ ರೆಮ್ಕೊ ಎವೆನೆಪೂಲ್, ಪ್ರಿಮೊಝ್ ರೊಗ್ಲಿಚ್ 39 ಸೆಕೆಂಡ್ ಕಳೆದುಕೊಂಡರು. ಇಂಥ ಗಳಿಗೆಯಲ್ಲಿ ಟಿವಿ ಕ್ಯಾಮೆರಾ ಮುಂದಿನ ಗುಂಪನ್ನು ಬಿಟ್ಟು ಅಲುಗಾಡುವುದಿಲ್ಲ, ಹಿಂದೆ ಯಾರು ಸಿಕ್ಕಿಬಿದ್ದರೆಂದು ತಿಳಿಯಲು ನಿಮಿಷಗಟ್ಟಲೆ ಕಾಯಬೇಕು. ರೇಸ್ ಸೆಂಟರಿನಲ್ಲಿ ಗುಂಪಿನ ಮೇಲೆ ಬೆರಳಿಟ್ಟರೆ ಹೆಸರುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಮೊದಲು ಹುಡುಕಬೇಕಾದ್ದು ಒಟ್ಟು ಸಮಯದ ಸ್ಪರ್ಧಿಗಳ ಹೆಸರು; ಅಂತರದ ಅಂಕಿ ಆಮೇಲೆ.

ಏರಿಯ ತುದಿಯಲ್ಲಿ ಮುಗಿಯುವ ದಿನಗಳಲ್ಲಿ ಅಂತರವನ್ನು ಪ್ರತಿ ಕಿಲೋಮೀಟರಿಗೆ ಒಮ್ಮೆ ಬರೆಯಿರಿ, ಪ್ರತಿ ಸಲ ಬದಲಾದಾಗ ಅಲ್ಲ. 12ನೇ ಸ್ಟೇಜಿನಲ್ಲಿ ಓತಾಕಾಂ ಏರಿ: 13.5 ಕಿ.ಮೀ., ಸರಾಸರಿ ಶೇ. 7.8. ಸುಮಾರು 12 ಕಿ.ಮೀ. ಇರುವಾಗ ಪೊಗಾಚಾರ್ ಒಬ್ಬನೇ ಕಿತ್ತುಕೊಂಡು ಹೋದ, ಮೇಲೆ ತಲುಪಿದಾಗ ಎರಡನೆಯವನಾದ ವಿಂಗೆಗೋರ್‌ಗಿಂತ 2 ನಿಮಿಷ 10 ಸೆಕೆಂಡ್ ಮುಂದಿದ್ದ. ಭಾಗಿಸಿದರೆ ಕಿಲೋಮೀಟರಿಗೆ ಹತ್ತಿರಹತ್ತಿರ 11 ಸೆಕೆಂಡ್. ಕಿಲೋಮೀಟರಿಗೆ ಇಷ್ಟಿಷ್ಟು ಎಂದು ಒಂದೇ ಸಮನೆ ಬೆಳೆಯುವ ಅಂತರ ಬಲದ ಗುರುತು. ಮೊದಲ ಎರಡು ಕಿಲೋಮೀಟರಿನಲ್ಲಿ 30 ಸೆಕೆಂಡ್ ಜಿಗಿದು ಆಮೇಲೆ ನಿಂತರೆ ಅವನು ಶಕ್ತಿ ಮುಗಿಸಿಕೊಂಡಿದ್ದಾನೆ. ಈ ಒಂದು ಭೇದ ಹಿಡಿಯಲು ಕಲಿತರೆ ಚಿತ್ರವಿಲ್ಲದೆಯೂ ಯಾರ ಕಾಲು ಸೋಲುತ್ತಿದೆ ಎಂದು ಹೇಳಬಹುದು.

ಟೈಮ್ ಟ್ರಯಲ್ ದಿನ ಇನ್ನೂ ಸುಲಭ. ಒಬ್ಬೊಬ್ಬರಾಗಿ ಹೊರಡುತ್ತಾರೆ, ಒಟ್ಟು ಪಟ್ಟಿಯಲ್ಲಿ ಕೊನೆಯವನು ಮೊದಲು, ಹಳದಿ ಜೆರ್ಸಿಯವನು ಕೊನೆಗೆ. ಹೊತ್ತು ಇಲ್ಲದವರು ಕೊನೆಯ ಒಂದು ತಾಸು ನೋಡಿದರೆ ಸಾಕು. ನಡುವಿನ ಸಮಯ ಅಳೆಯುವ ಜಾಗಗಳ ಅಂಕಿ ಅಲ್ಲಲ್ಲೇ ಬರುತ್ತವೆ. ಕಾಂ ನಗರದ 33 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಎವೆನೆಪೂಲ್ ಪೊಗಾಚಾರ್‌ಗಿಂತ 16 ಸೆಕೆಂಡ್ ಮೊದಲು; ಪೈರಾಗೂಡ್‌ಗೆ ಹತ್ತುವ 10.9 ಕಿಲೋಮೀಟರಿನಲ್ಲಿ ಪೊಗಾಚಾರ್ ವಿಂಗೆಗೋರ್‌ಗಿಂತ 36 ಸೆಕೆಂಡ್ ಮೊದಲು. ಇಂಥ ದಿನ ಟಿವಿಗಿಂತ ಈ ಪುಟವೇ ಮೇಲು.

ಎಲ್ಲಿ ನಂಬಬಾರದು

ಸವಾರನ ಜಾಗ ತೋರಿಸುವ ಸಾಧನ ಇರುವುದು ಸೈಕಲ್ಲಿನ ಸೀಟಿನ ಕೆಳಗೆ, ಅವನ ಮೈಮೇಲಲ್ಲ. ಸೈಕಲ್ ಬದಲಿಸಿದ ಗಳಿಗೆಯಲ್ಲಿ ಪರದೆ ತೋರಿಸುವ ಜಾಗವನ್ನು ನಂಬಬೇಡಿ. ಸುರಂಗ, ದಟ್ಟ ಕಾಡು, ಇಕ್ಕಟ್ಟಾದ ಕಣಿವೆಗಳಲ್ಲಿ ಉಪಗ್ರಹದ ಸಂಕೇತ ತಪ್ಪುವುದು ಸಹಜ. ದಂಡಿನ ನಡುವೆ ಇದ್ದವನು ಇದ್ದಕ್ಕಿದ್ದಂತೆ ಬೇರೆ ಗುಂಪಾಗಿ ಕಾಣಬಹುದು. ಅಂತರ ಒಮ್ಮೆಲೇ 40 ಸೆಕೆಂಡ್ ಹಾರಿದರೆ ಒಂದು ಕಿಲೋಮೀಟರ್ ಕಾಯಿರಿ. ನಿಜವಾದ ದಾಳಿ ಎರಡನೇ ಸಲವೂ ಕಾಣುತ್ತದೆ, ಸಂಕೇತದ ತಪ್ಪು ಮಾಯವಾಗುತ್ತದೆ. ಹಿಂದೆ ಬಿದ್ದವರಲ್ಲೂ ಬಗೆಗಳಿವೆ: ಪಂಕ್ಚರ್ ಆದವನು, ನೀರು ತರಲು ತಂಡದ ಕಾರಿಗೆ ಹೋದವನು, ಮೂತ್ರಕ್ಕೆ ನಿಂತವನು ಎಲ್ಲರೂ ‘ದಂಡಿನ ಹಿಂದೆ’ ಎಂದೇ ಕಾಣುತ್ತಾರೆ. 100 ಕಿ.ಮೀ. ಉಳಿದಿರುವಾಗ ನಾಯಕನೊಬ್ಬ 30 ಸೆಕೆಂಡ್ ಹಿಂದಿದ್ದು, ಅವನ ಜೊತೆ ಅದೇ ತಂಡದ ಇನ್ನಿಬ್ಬರಿದ್ದರೆ ಅದು ಪಂಕ್ಚರೋ ಬೇರೆ ತಾಂತ್ರಿಕ ತೊಂದರೆಯೋ ಇರುತ್ತದೆ. ಅವನನ್ನು ವಾಪಸ್ ಎಳೆದು ತರಲು ಅವರು ಕಾದಿದ್ದಾರೆ. ಏರಿಯಲ್ಲಿ ಒಬ್ಬನೇ ಹಿಂದಿದ್ದರೆ ಅವನ ದಿನ ಮುಗಿಯಿತು.

ಯೋಜನೆಯೇ ಬದಲಾಗುವುದೂ ಉಂಟು. 19ನೇ ಸ್ಟೇಜ್, ಆಲ್ಬರ್ವಿಲ್‌ನಿಂದ ಲಾ ಪ್ಲಾಞ್‌ಗೆ, 130 ಕಿಲೋಮೀಟರಿಗೆ ಹತ್ತಿರ ಇದ್ದದ್ದನ್ನು ಹಿಂದಿನ ದಿನ 95ರ ಆಸುಪಾಸಿಗೆ ಇಳಿಸಿದರು. ಕಾರಣ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವಂಥದು: ಚರ್ಮಗಂಟು ರೋಗ. 2022ರಲ್ಲಿ ಹಾವೇರಿ, ಧಾರವಾಡದ ಕೊಟ್ಟಿಗೆಗಳಲ್ಲಿ ದನಗಳ ಮೈತುಂಬ ಗಂಟೆಬ್ಬಿಸಿದ ಅದೇ ರೋಗ ಸೇಜಿ ಕಣಿವೆದಾರಿಯ ಹತ್ತಿರದ ಒಂದು ಹಿಂಡಿನಲ್ಲಿ ಕಾಣಿಸಿಕೊಂಡು, ಆ ಹಿಂಡನ್ನು ಕೊಲ್ಲಬೇಕಾಯಿತು. ದನ ಕಳೆದುಕೊಂಡವರ ಮನೆ ಮುಂದೆ ಜಾತ್ರೆ ಹಾಯಿಸದೆ ದಾರಿ ತಿರುಗಿಸಿದ್ದು ಸರಿಯಾದ ತೀರ್ಮಾನ. ವಾರದ ಮೊದಲೇ ಇಡೀ ಟೂರ್‌ಗೆ ಪಟ್ಟಿ ಬರೆದಿಟ್ಟವರ ಲೆಕ್ಕ ಅವತ್ತು ಪೂರ್ತಿ ತಪ್ಪಿತು. ಎರಡು ಏರಿಗಳು ಕಾಣೆಯಾಗಿದ್ದವು. ಪಟ್ಟಿಯನ್ನು ಅವತ್ತಿನ ಬೆಳಿಗ್ಗೆಯೇ ಬರೆಯಬೇಕು ಎನ್ನುವುದು ಇದಕ್ಕೇ. ಪ್ಯಾರಿಸ್‌ನ ಕೊನೆಯ ದಿನ ಮಳೆ ಬಂದು, ಗುರಿಗೆ ಸುಮಾರು 50 ಕಿ.ಮೀ. ಇರುವಾಗಲೇ ಒಟ್ಟು ಸಮಯದ ಲೆಕ್ಕ ನಿಲ್ಲಿಸಿದರು. ಮೊಂಮಾರ್ತ್ರ್ ಗುಡ್ಡದ ಮೇಲಿನ ಹೋರಾಟ ಬರೀ ಸ್ಟೇಜ್ ಗೆಲುವಿಗೆ ಉಳಿಯಿತು, ಅದನ್ನು ವೌಟ್ ವಾನ್ ಆರ್ಟ್ ಗೆದ್ದ. ಇಂಥ ಸೂಚನೆ ಬರುವುದು ಬರಹದ ವರದಿಯಲ್ಲಿ. ಬರೀ ಚುಕ್ಕೆ ನೋಡುತ್ತಿದ್ದರೆ ತಪ್ಪಿಹೋಗುತ್ತದೆ.

ಡೇಟಾ, ಬ್ಯಾಟರಿ, ವಿಡಿಯೊ

ಬರಹ ಮತ್ತು ಅಂಕಿಗಳ ಪುಟಕ್ಕೆ ಡೇಟಾ ಬಹಳ ಕಡಿಮೆ ಸಾಕು. ವಿಡಿಯೊ ಹಾಗಲ್ಲ. ಸಾಧಾರಣ ಗುಣಮಟ್ಟದಲ್ಲೇ ತಾಸಿಗೆ ಅರ್ಧ ಜಿಬಿಗಿಂತ ಹೆಚ್ಚು ಹೋಗುತ್ತದೆ. ನಾಲ್ಕೂವರೆ ತಾಸಿನ ಸ್ಟೇಜಿಗೆ ದಿನದ 1.5 ಅಥವಾ 2 ಜಿಬಿ ಪ್ಯಾಕ್ ಸಾಲದು, ಸರಿಯಾಗಿ ಕೊನೆಯ ಏರಿಯಲ್ಲೇ ಮುಗಿಯುತ್ತದೆ. ಮೊದಲ ಮೂರು ತಾಸು ಅಂಕಿಗಳ ಪುಟ, ಕೊನೆಯ 40 ಕಿಲೋಮೀಟರಿಗೆ ವಿಡಿಯೊ ಎಂದು ಹಂಚಿಕೊಂಡರೆ ಒಂದು ದಿನದ ಪ್ಯಾಕಿನಲ್ಲೇ ಮುಗಿಸಬಹುದು. ಜುಲೈ ಮಳೆಗೆ ಕರೆಂಟ್ ಹೋದರೆ ಮನೆಯ ವೈಫೈಯೂ ಹೋಗುತ್ತದೆ. ಆಗ ಮೊಬೈಲಿನಲ್ಲಿ ಅಂಕಿಗಳ ಪುಟವೇ ಗತಿ, ಅದಕ್ಕೇ ಅವತ್ತಿನ ಡೇಟಾ ಸ್ವಲ್ಪ ಉಳಿಸಿಟ್ಟಿರಿ. ಪರದೆ ಸದಾ ಬೆಳಗುತ್ತಿದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ. ಪಟ್ಟಿ ಕೈಯಲ್ಲಿದ್ದವರಿಗೆ ಹತ್ತು ನಿಮಿಷಕ್ಕೊಮ್ಮೆ ತೆರೆದು ಅಂತರ ಬರೆದುಕೊಂಡು ಮುಚ್ಚಿದರೆ ಸಾಕು.

ಭಾರತದಲ್ಲಿ ವರ್ಷಗಟ್ಟಲೆ ಟೂರ್ ತೋರಿಸಿದ್ದು ಯೂರೋಸ್ಪೋರ್ಟ್ ಚಾನೆಲ್. ಪ್ರಸಾರದ ಹಕ್ಕು ಕೈ ಬದಲಾಗುವಂಥದ್ದಾದ್ದರಿಂದ ವರ್ಷದ ಚಂದಾ ಕಟ್ಟುವ ಬದಲು ಜೂನ್ ಕೊನೆಯ ವಾರ ಈ ಸಲ ಎಲ್ಲಿ ಬರುತ್ತದೆ ಎಂದು ಖಚಿತ ಮಾಡಿಕೊಂಡು ಒಂದು ತಿಂಗಳಿಗಷ್ಟೇ ಕಟ್ಟಿ. ಕೇಬಲ್ ಇದ್ದವರು ಆ ಚಾನೆಲ್ ತಮ್ಮ ಪ್ಯಾಕಿನಲ್ಲಿದೆಯೇ ಎಂದು ಕೇಬಲ್‌ನವರನ್ನು ಮೊದಲೇ ಕೇಳಿ. ರೇಸ್ ಶುರುವಾದ ಶನಿವಾರ ಸಂಜೆ ಫೋನ್ ಮಾಡಿದರೆ ಸೋಮವಾರದವರೆಗೆ ಕಾಯಬೇಕಾದೀತು. ವಿಡಿಯೊ ಮತ್ತು ರೇಸ್ ಸೆಂಟರ್ ಒಟ್ಟಿಗೆ ನೋಡುವವರು ಒಂದನ್ನು ನೆನಪಿಡಿ: ಇಂಟರ್ನೆಟ್ಟಿನ ವಿಡಿಯೊ ಸದಾ ಕೊಂಚ ತಡ. ವಿಡಿಯೊದಲ್ಲಿ ಇನ್ನೂ 500 ಮೀಟರ್ ಇರುವಾಗಲೇ ಫೋನಿನಲ್ಲಿ ಗೆದ್ದವನ ಹೆಸರು ಟಣ್ ಎಂದು ಬಂದುಬಿಡುತ್ತದೆ. ಕೊನೆಯ 5 ಕಿಲೋಮೀಟರಿಗೆ ನೋಟಿಫಿಕೇಶನ್ ಬಂದ್ ಮಾಡಿ, ಫೋನ್ ಬೋರಲು ಹಾಕಿ.

ಟೂರ್ ನಡೆಸುವ ಎಎಸ್‌ಒ ಸಂಸ್ಥೆಯದೇ ಆದ ಪ್ಯಾರಿಸ್–ನೀಸ್, ಮಹಿಳೆಯರ ಟೂರ್, ಆಗಸ್ಟ್–ಸೆಪ್ಟೆಂಬರಿನ ಸ್ಪೇನ್‌ನ ವ್ವೆಲ್ಟಾ ಇವುಗಳ ಪುಟಗಳೂ ಇದೇ ಮಾದರಿಯವು. ಒಮ್ಮೆ ಕೈ ಕೂತರೆ ಅಲ್ಲೂ ಕೂರುತ್ತದೆ. ಮೇ ತಿಂಗಳ ಇಟಲಿಯ ಜಿರೋ ಬೇರೆ ಸಂಸ್ಥೆಯದು, ಅದರ ಪುಟ ಬೇರೆ. ಸಮಯದ ಅಂತರ ಮಾತ್ರ ಅದೇ ಮೂರೂವರೆ ತಾಸು. ಮಾರ್ಚ್ ಮೊದಲ ವಾರಗಳ ಪ್ಯಾರಿಸ್–ನೀಸ್‌ಗೆ ನಾಲ್ಕೂವರೆ ತಾಸು ಕೂಡಿಸಬೇಕು, ಯಾಕೆಂದರೆ ಯೂರೋಪಿನವರು ಗಡಿಯಾರ ಮುಂದೆ ಸರಿಸುವುದು ಮಾರ್ಚ್ ಕೊನೆಯ ಭಾನುವಾರ.

2026ರ ಟೂರ್ ಜುಲೈ 4ರಂದು ಬಾರ್ಸಿಲೋನಾದಲ್ಲಿ ಟೀಮ್ ಟೈಮ್ ಟ್ರಯಲ್‌ನಿಂದ ಶುರು, ಕೊನೆಯ ಶುಕ್ರವಾರ, ಶನಿವಾರ ಎರಡೂ ದಿನ ಗುರಿ ಆಲ್ಪ್ ದ್ಯುಯೆಜ್. ಮಾಮೂಲಿ ದಾರಿಯಲ್ಲಿ ಆ ಏರಿ 13.8 ಕಿ.ಮೀ., ಸರಾಸರಿ ಶೇ. 8.1, 21 ತಿರುವು. ಶನಿವಾರ ಹತ್ತುವುದು ಬೇರೆ ಕಡೆಯಿಂದ, ಆದ್ದರಿಂದ ಶುಕ್ರವಾರದ ಪುಟವನ್ನೇ ನಕಲು ಮಾಡಬೇಡಿ. ಆ ಎರಡು ದಿನಕ್ಕೆ ಲಾಂಗ್ ಬುಕ್ಕಿನಲ್ಲಿ ಒಂದೊಂದು ಪೂರ್ತಿ ಪುಟ ಬಿಡಿ, ಕಿಲೋಮೀಟರಿಗೆ ಒಂದು ಸಾಲು.